ಅವರನ್ನು ಕೂಡಿ ಹಾಕಿದ ವರ್ಷಗಳು

ನನ್ನ ಗಂಡನನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಮೊದಲ ಸಲ ಹೋದದ್ದು ಒಂದು ಮಂಗಳವಾರ. ಎಜ್‌ವೇರ್‌ನ ಲೈಬ್ರರಿಯಲ್ಲಿ ನನಗೆ ವಾರಕ್ಕೆ ಎರಡು ದಿನ ಕೆಲಸವಿತ್ತು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಹಿಂದಿನ ಶುಕ್ರವಾರ ನಾನು ಮನೆಗೆ ಬಂದಾಗ ಮುಂಬಾಗಿಲು ತೆರೆದೇ ಇತ್ತು, ಅವರು ಇರಲಿಲ್ಲ. ಟ್ಯೂಬ್ ರೈಲು ಹತ್ತಿ ಲಂಡನ್ನಿನ ಆ ತುದಿಗೆ, ಮಾರ್ಡನ್‌ವರೆಗೆ ಹೋಗಿಬಿಟ್ಟಿದ್ದರು. ಸ್ಟೇಷನ್ನಿನವರು ಕೂಡಿಸಿಕೊಂಡು ಚಹಾ ಕೊಟ್ಟು, ಅವರ ಜೇಬಿನಲ್ಲಿದ್ದ ಹಳೆಯ ಚೀಟಿಯೊಂದರಲ್ಲಿ ನಮ್ಮ ನಂಬರ್ ನೋಡಿ ಫೋನ್ ಮಾಡಿದ್ದರು. ನಾನು ಹೋದಾಗ ಅವರ ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಆಸ್ಪತ್ರೆಯ ಬ್ಯಾಗು. ನನ್ನನ್ನು ನೋಡಿ, ವಾರ್ಡಿಗೆ ಹೋಗುವ ಹಾದಿ ಬದಲಾಗಿದೆ ಎಂದರು.

ಆದ್ದರಿಂದ ಮಂಗಳವಾರ ಕೀಲಿ ಹಾಕಿದೆ. ಅನ್ನ, ಸಾರು ಟೇಬಲ್ಲಿನ ಮೇಲಿಟ್ಟು, ಗ್ಯಾಸ್ ಮುಖ್ಯ ಕೊಳವೆಯಲ್ಲೇ ಬಂದ್ ಮಾಡಿ, ಟಿವಿಯಲ್ಲಿ ಕ್ರಿಕೆಟ್ಟಿನ ಹಳೆಯ ಟೇಪ್ ಹಚ್ಚಿಟ್ಟು ಹೋದೆ. ಆ ದಿನ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುತ್ತ ಗಡಿಯಾರ ನೋಡುತ್ತಲೇ ಇದ್ದೆ. ಬಂದು ನೋಡಿದರೆ ಏನೂ ಆಗಿರಲಿಲ್ಲ. ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದರು. ಏನೂ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಶುಕ್ರವಾರವೂ ಹಾಕಿದೆ. ಹಾಗೆ ಎಂಟು ತಿಂಗಳು.

ನಾವು ಈ ದೇಶಕ್ಕೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಧಾರವಾಡದಿಂದ. ಮಗಳಿಗೆ ಆಗ ಒಂಬತ್ತು ವರ್ಷ. ಅವರಿಗೆ ಸರಕಾರಿ ಆಸ್ಪತ್ರೆಯಲ್ಲಿ ವೃದ್ಧರ ವಿಭಾಗದ ಡಾಕ್ಟರರ ಕೆಲಸ. ಆ ದಿನಗಳಲ್ಲಿ ಅಂಥ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇದ್ದುಬಿಡುವ ಮುದುಕರ ವಾರ್ಡುಗಳು ಇನ್ನೂ ಇದ್ದವು. ರಾತ್ರಿಯೂಟಕ್ಕೆ ಕೂತಾಗ ಅವರು ವಾರ್ಡಿನ ಸುದ್ದಿ ಹೇಳುತ್ತಿದ್ದರು. ಒಬ್ಬ ಮುದುಕಿ ದಿನಾ ಮಧ್ಯಾಹ್ನ ಕೋಟು ತೊಟ್ಟು, ಕೈಚೀಲ ಹಿಡಿದು ವಾರ್ಡಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದಳಂತೆ. ಆ ಬಾಗಿಲಿಗೆ ಎರಡು ಹಿಡಿಕೆ, ಎರಡನ್ನೂ ಒಟ್ಟಿಗೆ ತಿರುವಿದರೆ ಮಾತ್ರ ತೆರೆಯುವುದು. ನರ್ಸುಗಳು ಇವತ್ತು ಬಸ್ಸಿಲ್ಲ ಎಂದರೆ ಆಕೆ ಸುಮ್ಮನೆ ಹಿಂದಿರುಗಿ ಕೋಟು ಬಿಚ್ಚುತ್ತಿದ್ದಳಂತೆ.

ಹಾಗಾದರೆ ಆಕೆ ಕೈದಿಯೇ ಎಂದು ನಾನು ಕೇಳಿದ್ದೆ. ಕೇಳಿದ್ದು ಕುತೂಹಲಕ್ಕೆ ಅಷ್ಟೇ, ಅನ್ನ ಬಡಿಸುತ್ತ.

"ಛೇ, ಕೈದಿ ಹೆಂಗ ಆಗ್ತಾಳ? ಹಟಾ ಮಾಡೋರ್ನ ಇಟ್ಕೊಳ್ಳಾಕ ಕಾಗದ ಬೇಕು, ಕಾನೂನು ಬೇಕು. ಈಕಿ ಹಟಾ ಮಾಡಂಗಿಲ್ಲಲ್ಲ," ಎಂದಿದ್ದರು.

ಅವರು ಕೆಟ್ಟವರಲ್ಲ. ಆ ಮುದುಕಿಯ ಹುಟ್ಟುಹಬ್ಬಕ್ಕೆ ನನ್ನ ಕೈಲಿ ಬೇಸನ್ ಉಂಡಿ ಮಾಡಿಸಿಕೊಂಡು ಹೋಗಿದ್ದರು. ಆಗ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು. ನಾನೂ ಮತ್ತೊಂದು ಸಲ ಕೇಳಲಿಲ್ಲ.

ಅವರಿಗೆ ಅರವತ್ತು ತುಂಬುವ ಹೊತ್ತಿಗೆ ಮರೆವು ಶುರುವಾಯಿತು. ಮೊದಲು ಔಷಧಿಗಳ ಹೆಸರು, ಆಮೇಲೆ ಬೀದಿಗಳು, ಆಮೇಲೆ ಇಂಗ್ಲಿಷು. ನಿವೃತ್ತಿಗೆ ಮುಂಚೆಯೇ ಕೆಲಸ ಬಿಡಬೇಕಾಯಿತು. ನಮ್ಮ ಕನ್ನಡದ ಡಾಕ್ಟರರ ಕುಟುಂಬಗಳು ಹತ್ತಿರದಲ್ಲೇ ಇದ್ದವು, ಹೆಚ್ಚಿನವು ಸ್ಟ್ಯಾನ್ಮೋರ್‌ನ ದೊಡ್ಡ ಮನೆಗಳಲ್ಲಿ. ಯುಗಾದಿ, ದೀಪಾವಳಿಗೆ ಕರೆಯುತ್ತಿದ್ದರು. ಒಂದು ಯುಗಾದಿಯ ಊಟದಲ್ಲಿ ಇವರು ಆತಿಥೇಯರನ್ನು ಒಂದೇ ಪ್ರಶ್ನೆ ಹತ್ತು ಸಲ ಕೇಳಿ, ಆಮೇಲೆ ಹೋಳಿಗೆಯ ತಟ್ಟೆಯನ್ನು ಅವರ ಷೂಗಳ ಕಪಾಟಿನಲ್ಲಿಟ್ಟುಬಿಟ್ಟರು. ಅಲ್ಲಿಂದ ಮುಂದೆ ಕರೆ ಬರುವುದು ಕಡಿಮೆಯಾಯಿತು. ಬಂದವೂ ನನಗೊಬ್ಬಳಿಗೇ ಬರುತ್ತಿದ್ದವು, 'ಅವರಿಗೆ ತೊಂದರೆ ಆಗಬಾರದಲ್ಲ' ಎಂಬ ಮಾತಿನೊಂದಿಗೆ. ನಾನೂ ಹೋಗುವುದು ಬಿಟ್ಟೆ. ಮಗಳು ಲೀಡ್ಸ್‌ನಲ್ಲಿ ಶಾಲೆಯ ಟೀಚರ್. ಭಾನುವಾರ ಫೋನ್ ಮಾಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಎಲ್ಲ ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದೆ. ಕೀಲಿಯ ವಿಷಯ ಅವಳಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಅದು ಮುಗಿದದ್ದು ಪೋಸ್ಟಿನವನಿಂದ. ಒಂದು ಶುಕ್ರವಾರ ನಾನು ನಮ್ಮ ಬೀದಿಯ ತಿರುವಿಗೆ ಬಂದಾಗ ಅವನು ನಮ್ಮ ಬಾಗಿಲ ಮುಂದೆ ಮೊಣಕಾಲೂರಿ ಕೂತಿದ್ದ. ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿಯಿಂದ ನಾಲ್ಕು ಬೆರಳು ಹೊರಗೆ ಬಂದಿದ್ದವು. ಪೋಸ್ಟಿನವನು ಆ ಬೆರಳುಗಳನ್ನು ಹಿಡಿದುಕೊಂಡು ಮೆಲ್ಲಗೆ ಏನೋ ಮಾತಾಡುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, ಒಳಗಿನವರು ತುಂಡು ತುಂಡು ಇಂಗ್ಲಿಷಿನಲ್ಲಿ ಆಸ್ಪತ್ರೆಗೆ ಸುದ್ದಿ ಮುಟ್ಟಿಸಲು ಹೇಳುತ್ತಿದ್ದಾರೆ, ರೌಂಡ್ಸಿಗೆ ತಡವಾಗುತ್ತದಂತೆ ಎಂದ. ಬೈಯಲಿಲ್ಲ. ನಾನು ಕೀಲಿಗೊಂಚಲಿನಲ್ಲಿ ಎರಡು ಸಲ ಬೇರೆ ಕೀಲಿಯನ್ನೇ ಹಿಡಿದೆ. ಅವನೇ ನನ್ನ ಕೈಯಿಂದ ತೆಗೆದುಕೊಂಡು ಬಾಗಿಲು ತೆರೆದ.

ಒಳಗೆ ಅವರು ನೆಲದ ಮೇಲೆ ಕೂತಿದ್ದರು. ಬೆರಳಿನ ಸಂದಿಯಲ್ಲಿ ಲೋಹ ತರಚಿ ರಕ್ತ ಬಂದಿತ್ತು.

"ನನ್ನ ಯಾಕ ಕೂಡಿ ಹಾಕೀದಿ?" ಎಂದು ಕೇಳಿದರು. ಸಿಟ್ಟಿರಲಿಲ್ಲ. ರೋಗಿಯೊಬ್ಬನನ್ನು ಎಲ್ಲಿ ನೋವು ಎಂದು ಕೇಳುವ ದನಿ.

ನಾನು ಅವರ ಬೆರಳಿನ ರಕ್ತ ಒರೆಸಿದೆ. ಲೈಬ್ರರಿಗೆ ರಜೆ ಹಾಕಿ, ಸೋಮವಾರ ನಮ್ಮ ಜಿಪಿಯ, ಎಂದರೆ ಮನೆ ಡಾಕ್ಟರರ, ಬಳಿ ಹೋಗಿ ಎಲ್ಲ ಹೇಳಿದೆ, ಕೀಲಿಯದೊಂದು ಬಿಟ್ಟು. ಎರಡು ತಿಂಗಳಲ್ಲಿ ಕೌನ್ಸಿಲ್‌ನವರು, ಎಂದರೆ ಇಲ್ಲಿಯ ಸ್ಥಳೀಯ ಆಡಳಿತದವರು, ಸ್ಟ್ಯಾನ್ಮೋರ್‌ನ ಒಂದು ಕೇರ್ ಹೋಮಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟರು.

ಅದು ಮುಂಚೆ ಯಾರದೋ ದೊಡ್ಡ ಮನೆಯಾಗಿದ್ದದ್ದು. ಹಿಂದೆ ತೋಟ, ತೋಟಕ್ಕೆ ಎತ್ತರದ ಬೇಲಿ. ಅವರಂಥ ಇಪ್ಪತ್ತು ಮಂದಿ ಇರುತ್ತಿದ್ದರು. ಮುಂಬಾಗಿಲಿಗೆ ಅಂಕಿಗಳ ಗುಂಡಿಯಿದ್ದ ಕೀಲಿ, ನಾಲ್ಕು ಅಂಕಿ ಒತ್ತಿದರೆ ತೆರೆಯುವುದು. ಮ್ಯಾನೇಜರ್ ಒಳ್ಳೆಯ ಹೆಂಗಸು, ಆ ಕೆಲಸದಲ್ಲೇ ತಲೆ ಹಣ್ಣಾದವಳು. ಮೊದಲ ದಿನವೇ ನನಗೊಂದು ಬುದ್ಧಿಮಾತು ಹೇಳಿದಳು: ಹೋಗುವಾಗ ಅವರಿಗೆ ಹೇಳಿ ಹೋಗಬೇಡಿ, ಊಟಕ್ಕೆ ಕೂತಾಗ ಮೆಲ್ಲಗೆ ಎದ್ದು ಹೋಗಿ, ಇಲ್ಲದಿದ್ದರೆ ಹಿಂದೆ ಬಂದು ಬಾಗಿಲು ಬಡಿಯುತ್ತಾರೆ, ಸಂಜೆಯೆಲ್ಲ ಸಮಾಧಾನ ಮಾಡಬೇಕಾಗುತ್ತದೆ.

ನಾನು ಹಾಗೆಯೇ ಮಾಡಿದೆ. ಎಜ್‌ವೇರ್‌ನಿಂದ ನೂರ ನಲವತ್ತೆರಡನೆಯ ನಂಬರಿನ ಬಸ್ಸು ಹಿಡಿದು ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೆ. ಅವರ ಉಗುರು ತೆಗೆಯುತ್ತಿದ್ದೆ, ಡಬ್ಬಿಯಲ್ಲಿ ಒಯ್ದ ಅವಲಕ್ಕಿ ತಿನ್ನಿಸುತ್ತಿದ್ದೆ. ಐದು ಗಂಟೆಗೆ ಅವರ ಮುಂದೆ ಸೂಪಿನ ಬಟ್ಟಲು ಬರುತ್ತಲೇ ನೀರು ತರುವವಳಂತೆ ಏಳುತ್ತಿದ್ದೆ. ಬಾಗಿಲ ಹತ್ತಿರ ಹೋಗಿ, ಅಂಕಿಗಳು ಕಾಣದಂತೆ ಮೈ ಅಡ್ಡ ಹಿಡಿದು ಒತ್ತುತ್ತಿದ್ದೆ. ಅವರು ಅಲ್ಲಿ ಇಲ್ಲದಿದ್ದರೂ ಅಡ್ಡ ಹಿಡಿಯುತ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಂದ ಕಳ್ಳಿಯ ಹಾಗೆ ಎರಡು ವರ್ಷ ತಪ್ಪಿಸಿಕೊಂಡು ಬಂದೆ. ಮನೆಗೆ ಬಂದರೆ ಮಾತಿಲ್ಲ. ಕೆಲವೊಮ್ಮೆ ಭಾನುವಾರದಿಂದ ಬುಧವಾರದವರೆಗೆ ಕನ್ನಡದ ಒಂದು ಶಬ್ದವೂ ಬಾಯಿಂದ ಬಂದಿರುತ್ತಿರಲಿಲ್ಲ. ಒಗ್ಗರಣೆ ಹಾಕುವಾಗ ಸಾಸಿವೆಯ ಜೊತೆ ಮಾತಾಡಿದ್ದೂ ಉಂಟು.

ಎರಡು ಸಾವಿರದ ಒಂಬತ್ತರ ವಸಂತದಲ್ಲಿ ಮ್ಯಾನೇಜರ್ ಫೋನ್ ಮಾಡಿದಳು. ಗಾಬರಿಯಾಗಬೇಡಿ, ಹೊಸ ಕಾನೂನು ಬಂದಿದೆ, ನಿಮ್ಮ ಯಜಮಾನರ ಬಗ್ಗೆ ನಾವು ಕೌನ್ಸಿಲ್‌ಗೆ ಒಂದು ಅರ್ಜಿ ಹಾಕಬೇಕು ಎಂದಳು. ಮರುದಿನ ಹೋದಾಗ ಆ ಕಾಗದ ತೋರಿಸಿದಳು. ಅವರ ಸ್ವಾತಂತ್ರ್ಯ ಕಸಿದುಕೊಳ್ಳಲು ಅನುಮತಿ ಬೇಕು ಎಂದು ಅದರ ತಲೆಯ ಮೇಲೆಯೇ ಬರೆದಿತ್ತು. ನಾನು ನಿಂತಲ್ಲೇ ಓದಿ ಕುರ್ಚಿ ಹುಡುಕಿ ಕೂತೆ. ಎರಡು ವರ್ಷ ಎಲ್ಲರೂ ನನ್ನ ಮುಂದೆ 'ಸುರಕ್ಷತೆ' ಎಂಬ ಶಬ್ದವನ್ನೇ ಆಡಿದ್ದರು. ಮಾಡುತ್ತಿದ್ದ ಕೆಲಸದ ಹೆಸರು ಇದು ಎಂದು ಯಾರೂ ಹೇಳಿರಲಿಲ್ಲ. ಮಗಳಿಗೆ ಫೋನ್ ಮಾಡಿದರೆ, ಅದೊಂದು ಫಾರ್ಮು, ಸಹಿ ಕೇಳಿದಲ್ಲಿ ಹಾಕು ಅಮ್ಮಾ ಎಂದು ಇಂಗ್ಲಿಷಿನಲ್ಲಿ ಹೇಳಿ ಕ್ಲಾಸಿಗೆ ಹೋದಳು. ನನಗೆ ಇನ್ನೊಂದೇ ಹೆದರಿಕೆ. ಯಾರೋ ಬಂದು ವಿಚಾರಿಸಿ, ಹಳೆಯದೆಲ್ಲ ಹೊರಗೆ ಬಂದು, ನನ್ನನ್ನೂ ಅವರನ್ನೂ ಬೇರೆ ಮಾಡಿಬಿಟ್ಟರೆ?

ಮೊದಲು ಒಬ್ಬ ಡಾಕ್ಟರು ಬಂದು ಕಾಯಿಲೆಯನ್ನು ಪರೀಕ್ಷಿಸಿ ಹೋದರು. ಆಮೇಲೆ ಕೌನ್ಸಿಲ್ ಕಳಿಸಿದ ಅಧಿಕಾರಿ. ಸೋಷಿಯಲ್ ವರ್ಕರ್ ಆಗಿ ಬಹಳ ವರ್ಷ ಕೆಲಸ ಮಾಡಿದವನು, ಐವತ್ತು ದಾಟಿದ ಸಣಕಲ ಮನುಷ್ಯ. ಸೈಕಲ್ಲಿನಲ್ಲಿ ಬಂದಿದ್ದ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಗೇ ಇತ್ತು. ಮ್ಯಾನೇಜರಳ ಕೋಣೆಯಲ್ಲಿ ನನ್ನೊಬ್ಬಳನ್ನೇ ಕೂಡಿಸಿಕೊಂಡು ಮಾತಾಡಿದ. ಈ ಕಾನೂನು ಯಾಕೆ ಬಂತು ಎಂದು ನಾನು ಕೇಳಿದೆ. ತೊಂಬತ್ತರ ದಶಕದಲ್ಲಿ ಮಾತು ಬಾರದ ಒಬ್ಬ ಮನುಷ್ಯನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರಂತೆ. ಅವನು ಹೋಗುತ್ತೇನೆ ಎಂದು ಹೇಳಲಾರ, ಹೇಳಲಿಲ್ಲವಾದ್ದರಿಂದ ಇರಲು ಒಪ್ಪಿದ್ದಾನೆ ಎಂದು ಲೆಕ್ಕ. ಅವನನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದವರು ಕೋರ್ಟಿಗೆ ಹೋದರು, ಕೊನೆಗೆ ಯೂರೋಪಿನ ನ್ಯಾಯಾಲಯದವರೆಗೆ ಹೋಯಿತು. ಇದನ್ನು ತೀರ್ಮಾನಿಸಿದವರು ಯಾರು, ಅದು ತಪ್ಪಾದರೆ ಈ ಮನುಷ್ಯ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಸರಕಾರದ ಬಳಿ ಸರಿಯಾದ ಉತ್ತರವಿರಲಿಲ್ಲ ಎಂದ. ಆದ್ದರಿಂದ ಈಗ ಕೂಡಿ ಹಾಕಬೇಕಾದರೆ ಹೊರಗಿನವರೊಬ್ಬರು ಬಂದು ನೋಡಬೇಕು, ಕಾರಣ ಬರೆಯಬೇಕು, ಅವಧಿ ಹಾಕಬೇಕು.

ಕೋಟು ತೊಟ್ಟು ನಿಲ್ಲುತ್ತಿದ್ದ ಆ ಮುದುಕಿ ನನಗೆ ನೆನಪಾದಳು. ನನ್ನ ಗಂಡ ಹೇಳಿದ ಮಾತೂ ನೆನಪಾಯಿತು. ಈಗ ಅವರೂ ಹಟ ಮಾಡುವುದಿಲ್ಲ. ಮಧ್ಯಾಹ್ನ ಬಾಗಿಲ ಹತ್ತಿರ ನಿಂತು, ಯಾರಾದರೂ ಬನ್ನಿ ಡಾಕ್ಟರೇ ಎಂದು ಕರೆದರೆ ಹಿಂದಿರುಗುತ್ತಾರೆ. ಇದನ್ನೆಲ್ಲ ಅವನಿಗೆ ಹೇಳುತ್ತ ಹೇಳುತ್ತ, ಹೇಳಬಾರದೆಂದು ಗಟ್ಟಿ ಮಾಡಿಕೊಂಡಿದ್ದದ್ದನ್ನೂ ಹೇಳಿಬಿಟ್ಟೆ. ಮಂಗಳವಾರ, ಶುಕ್ರವಾರ, ಎಂಟು ತಿಂಗಳು, ಕಿಂಡಿ, ಬೆರಳು. ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೋ ಏನೋ, ಬೇರೆ ಯಾರದೋ ಕಥೆಯ ಹಾಗೆ ಬಾಯಿಂದ ಬಂತು. ಅವನು ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ.

ನನ್ನನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

ನಾನು ಬಂದದ್ದು ಈ ಮನೆಯ ಬಾಗಿಲು ನೋಡಲಿಕ್ಕೆ, ಆ ಮನೆಯದನ್ನಲ್ಲ ಎಂದ. ಆದರೆ ಅವರ ಕಥೆಯಲ್ಲಿ ಅದೂ ಸೇರಿದೆ, ಅದನ್ನು ಬರೆಯಬೇಕಾಗುತ್ತದೆ ಎಂದ. ಆಮೇಲೆ ಕೇಳಿದ, ಆ ಎಂಟು ತಿಂಗಳಲ್ಲಿ ನಿಮಗೆ ಸಹಾಯಕ್ಕೆ ಯಾರಿದ್ದರು?

ಯಾರೂ ಇರಲಿಲ್ಲ ಎಂದೆ. ಅದನ್ನೂ ಬರೆದುಕೊಂಡ.

ಎರಡನೆಯ ಸಲ ಬಂದಾಗ ದುಭಾಷಿಯನ್ನು ಕರೆತಂದಿದ್ದ. ಹೆಂಡತಿ ಗಂಡನ ಮಾತನ್ನು ಅನುವಾದ ಮಾಡುವ ಹಾಗಿಲ್ಲ, ಕೋಣೆಯಲ್ಲಿ ಬೇಕಾದರೆ ಇರಿ, ಮಾತಾಡಬೇಡಿ ಎಂದು ನನಗೆ ಮೊದಲೇ ಹೇಳಿದ್ದ. ದುಭಾಷಿ ಬೆಂಗಳೂರಿನ ಹುಡುಗಿ, ಗಂಡನ ಕೆಲಸದ ವೀಸಾದ ಮೇಲೆ ಬಂದವಳು. ನನ್ನನ್ನು ಆಂಟಿ ಎಂದಳು. ನಾನು ಅವಳ ಕೋಟು ಇಸಿದುಕೊಂಡು ಕೊಕ್ಕೆಗೆ ತೂಗುಹಾಕಿದೆ.

ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅಧಿಕಾರಿ ಅವರ ಕಣ್ಣಿನ ಮಟ್ಟಕ್ಕೆ ಬರುವಂತೆ ಸಣ್ಣ ಸ್ಟೂಲ್ ಎಳೆದುಕೊಂಡು ಕೂತ. ಹುಡುಗಿ ಕೇಳಿದಳು, "ಸರ್, ನಿಮ್ಗೆ ಇಲ್ಲಿರೋದು ಇಷ್ಟಾನಾ?"

ಅವರು ಬಹಳ ಹೊತ್ತು ಅವಳ ಮುಖ ನೋಡಿದರು. ಅಪರಿಚಿತರ ಬಾಯಲ್ಲಿ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ.

"ಊಟಾ ಛಲೋ ಐತಿ. ಬಾಗಲಾ ಯಾಕ ಕೀಲಿ ಹಾಕ್ಯಾರ? ನಾ ಏನ್ ಕಳ್ಳೇನು?"

ಹುಡುಗಿಗೆ ಧಾರವಾಡದ ಮಾತು ಒಂದೊಂದು ಕಡೆ ತೊಡಕಾಯಿತು, ಆದರೂ ಇದು ತಿಳಿಯಿತು. ಮೆಲ್ಲಗೆ ಇಂಗ್ಲಿಷಿಗೆ ತಂದಳು. ಅಧಿಕಾರಿ ಅವಳಿಂದ ಕೇಳಿಸಿದ: ಬಾಗಿಲು ತೆರೆದಿದ್ದರೆ ಎಲ್ಲಿಗೆ ಹೋಗುತ್ತೀರಿ? ನನಗೆ ಉತ್ತರ ಗೊತ್ತಿತ್ತು. ಮನೆಗೆ ಎನ್ನುತ್ತಾರೆ, ಇಲ್ಲವೇ ಆಸ್ಪತ್ರೆಗೆ. ಎಲ್ಲರೂ ಹಾಗೆಂದೇ ತಿಳಿದಿದ್ದೆವು. ಅದಕ್ಕೇ ಮನೆ ಇದೇ, ಆಸ್ಪತ್ರೆ ಇದೇ ಎಂದು ಎರಡು ವರ್ಷ ಸುಳ್ಳು ಹೇಳುತ್ತ ಬಂದಿದ್ದೆವು.

"ಎಲ್ಲಿಗೂ ಇಲ್ಲ," ಎಂದರು. "ಹೊರಗ. ಸುಮ್ನ ಹೊರಗ."

ಹುಡುಗಿ ಅದನ್ನು ಇಂಗ್ಲಿಷಿಗೆ ತಂದಳು. ಆಮೇಲೆ ಅಧಿಕಾರಿ, ಇಲ್ಲಿ ನಿಮ್ಮನ್ನು ನೋಡಲು ಯಾರು ಬರುತ್ತಾರೆ ಎಂದು ಕೇಳಿಸಿದ. ನಾನು ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದೆ.

"ನನ್ನ ಹೇಂತಿ ಬರ್ತಾಳ," ಎಂದರು. "ಬರ್ತಾಳ, ಆಮ್ಯಾಲೆ ಕಾಣಂಗಿಲ್ಲ. ಎಲ್ಲಿ ಹೋದ್ಲು ಅಂತ ಹುಡುಕ್ತೇನಿ."

ಹುಡುಗಿ ಆ ಮಾತನ್ನು ಅನುವಾದ ಮಾಡುವ ಮೊದಲು ನನ್ನ ಕಡೆ ನೋಡಿದಳು. ನಾನು ಎದ್ದು ಹೊರಗೆ ಕಾರಿಡಾರಿಗೆ ಹೋದೆ. ಮಾತಾಡಬಾರದೆಂದು ಅಧಿಕಾರಿ ಹೇಳಿದ್ದ, ಅಳಬಾರದೆಂದು ಹೇಳಿರಲಿಲ್ಲ. ಆದರೂ ಅಲ್ಲಿ ಕೂತು ಅಳುವುದು ಸರಿಯೆನಿಸಲಿಲ್ಲ. ಇಷ್ಟು ದಿನ ನಾನು ತಿಳಿದದ್ದು, ಹೇಳದೆ ಹೋದರೆ ಅವರಿಗೆ ಹೋದದ್ದೇ ಗೊತ್ತಾಗುವುದಿಲ್ಲ ಎಂದು. ಆದರೆ ಅವರು ಪ್ರತಿ ಸಂಜೆ ಸೂಪಿನ ಬಟ್ಟಲು ಬಿಟ್ಟು ನನ್ನನ್ನು ಹುಡುಕುತ್ತಿದ್ದರು. ಬಾಗಿಲ ಹತ್ತಿರ ನಿಲ್ಲುತ್ತಿದ್ದದ್ದರಲ್ಲಿ ಅರ್ಧ ನನಗಾಗಿ.

ಅಂದು ಸಂಜೆ ಊಟದ ಹೊತ್ತಿಗೆ ನಾನು ಅವರ ಎದುರು ನಿಂತು, "ನಾ ಮನಿಗೆ ಹೊಂಟೇನ್ರಿ. ಬುಧವಾರ ಬರ್ತೇನಿ," ಎಂದೆ. ಕೇರ್ ಅಸಿಸ್ಟೆಂಟ್ ಹೆಂಗಸು ನನ್ನನ್ನು ಗಾಬರಿಯಿಂದ ನೋಡಿದಳು. ಅವರು ಎದ್ದರು, ಬಾಗಿಲವರೆಗೂ ಬಂದರು. ನಾನು ಅಂಕಿ ಒತ್ತುವಾಗ ಮೈ ಅಡ್ಡ ಹಿಡಿಯಲಿಲ್ಲ. ಹೇಗಿದ್ದರೂ ಅವರಿಗೆ ನೆನಪಿರುತ್ತಿರಲಿಲ್ಲ. ನಾನು ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ, ಅದರ ಗಾಜಿನಾಚೆ ನಿಂತು ಎರಡು ಸಲ ಬಡಿದರು. ನಾನು ಓಡಿ ಹೋಗದೆ, ಅಲ್ಲೇ ನಿಂತು ಕೈ ಎತ್ತಿ ತೋರಿಸಿದೆ. ಅವರೂ ಕೈ ಎತ್ತಿದರು. ಮುಂದಿನ ವಾರಗಳಲ್ಲಿ ಬಡಿಯುವುದು ಕೆಲವು ದಿನ ಇತ್ತು, ಕೆಲವು ದಿನ ಇರಲಿಲ್ಲ. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಆದರೆ ಆಮೇಲೆ ನಾನೆಂದೂ ಅವರಿಗೆ ಹೇಳದೆ ಎದ್ದು ಬರಲಿಲ್ಲ.

ಕೌನ್ಸಿಲ್‌ನ ತೀರ್ಮಾನ ಮೇ ತಿಂಗಳಲ್ಲಿ ಬಂತು. ಹೌದು, ಇದು ಸ್ವಾತಂತ್ರ್ಯ ಕಸಿದುಕೊಳ್ಳುವುದೇ. ಹೌದು, ಅವರ ಒಳಿತಿಗೆ ಸದ್ಯ ಇದು ಬೇಕು. ಆದರೆ ಒಂದು ವರ್ಷಕ್ಕಲ್ಲ, ಆರು ತಿಂಗಳಿಗೆ ಮಾತ್ರ. ಒಂದು ಷರತ್ತೂ ಇತ್ತು: ಮಳೆಯಿರಲಿ ಬಿಸಿಲಿರಲಿ, ದಿನಕ್ಕೊಮ್ಮೆ ಯಾರಾದರೂ ಅವರ ಜೊತೆ ಹೋಗಿ ಅರ್ಧ ಗಂಟೆ ಹೊರಗೆ ಸುತ್ತಾಡಿಸಬೇಕು, ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಕೊನೆಯಲ್ಲಿ ನನ್ನ ಹೆಸರು. ಕಾನೂನಿನ ಪ್ರಕಾರ ನಾನು ಅವರ ಪ್ರತಿನಿಧಿ. ಅವರ ಪರವಾಗಿ ನಾನು ಕೇಳಬಹುದು, ಮರುವಿಚಾರಣೆ ಬೇಡಬಹುದು, ಕೋರ್ಟಿಗೂ ಹೋಗಬಹುದು. ಈ ದೇಶದ ಹದಿನೆಂಟು ವರ್ಷಗಳಲ್ಲಿ ನಾನು ಮೊದಲು ಡಾಕ್ಟರರ ಹೆಂಡತಿಯಾಗಿದ್ದೆ, ಆಮೇಲೆ ರೋಗಿಯ ಹೆಂಡತಿಯಾಗಿದ್ದೆ. ಇಂಥದೊಂದು ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ.

ಅಧಿಕಾರಿಯ ವರದಿಯ ಒಂದು ಪ್ರತಿ ಮಗಳಿಗೂ ಹೋಗಿತ್ತು. ಅವಳ ಫೋನ್ ಬಂದದ್ದು ಭಾನುವಾರವಲ್ಲ, ಗುರುವಾರ. ಫೋನ್ ಎತ್ತಿದರೆ ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಓದಿದ್ದಾಳೆ ಎಂದು ತಿಳಿಯಿತು. ಎಷ್ಟು ದಿನ ಹಾಗೆ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಬೈಯುತ್ತಾಳೆ ಎಂದು ಕಾದೆ.

"ನನಗ ಯಾಕ ಹೇಳಲಿಲ್ಲ, ಅಮ್ಮಾ?" ಎಂದಳು.

ಎಷ್ಟೋ ವರ್ಷಗಳ ನಂತರ ಅವಳ ಬಾಯಿಂದ ಬಂದ ಪೂರ್ತಿ ಕನ್ನಡದ ವಾಕ್ಯ ಅದು. ನಿನಗೆ ನಿನ್ನ ಜೀವನವಿದೆ ಎಂದೇನೋ ಹೇಳಿದೆ. ಇಬ್ಬರೂ ಫೋನ್ ಇಟ್ಟೆವು. ಆಮೇಲೆ ತಿಂಗಳಿಗೊಮ್ಮೆ ರೈಲಿನಲ್ಲಿ ಬರತೊಡಗಿದಳು. ಅಪ್ಪನ ಪಕ್ಕ ಕೂತು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ನಮ್ಮಿಬ್ಬರ ನಡುವೆ ಮಾತು ಹೆಚ್ಚಾಯಿತೆಂದಲ್ಲ.

ಜುಲೈ ಹೊತ್ತಿಗೆ ನನಗೆ ಸಂಶಯ ಬಂತು. ಅವರ ಷೂಗಳ ತಳ ಹೊಸದರ ಹಾಗೇ ಇತ್ತು. ಹೊರಗೆ ಕರೆದೊಯ್ದದ್ದನ್ನು ಬರೆಯುವ ಪುಸ್ತಕ ತೋರಿಸಿ ಎಂದು ಮ್ಯಾನೇಜರಳನ್ನು ಕೇಳಿದೆ. ಕೇಳುವ ಮೊದಲು ಬಾಗಿಲ ಹೊರಗೆ ನಿಂತು ಎರಡು ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದೆ. ಪುಸ್ತಕದಲ್ಲಿ ಆ ತಿಂಗಳಲ್ಲಿ ಬರೆದಿದ್ದದ್ದು ನಾಲ್ಕೇ ದಿನ. ಅದರಲ್ಲೂ ಎರಡು, ನಾನೇ ಕರೆದುಕೊಂಡು ಹೋದದ್ದು.

ಮ್ಯಾನೇಜರ್ ಸುಳ್ಳು ಹೇಳಲಿಲ್ಲ. ಇಬ್ಬರು ಕೆಲಸ ಬಿಟ್ಟಿದ್ದಾರೆ, ಒಬ್ಬರನ್ನು ಹೊರಗೆ ಕರೆದೊಯ್ದರೆ ಹತ್ತೊಂಬತ್ತು ಮಂದಿಯನ್ನು ಯಾರು ನೋಡುತ್ತಾರೆ ಎಂದಳು. ಅವಳ ಮಾತು ನಿಜವಾಗಿತ್ತು. ನಾನು ತಲೆಯಾಡಿಸಿ ಮನೆಗೆ ಬಂದೆ. ಮೂರು ದಿನ ಅಡಿಗೆಮನೆಯ ಟೇಬಲ್ಲಿನ ಮುಂದೆ ಕೂತು ಕಾಗದ ಬರೆದೆ, ಹರಿದೆ, ಬರೆದೆ. ನಾವು ಈ ದೇಶದಲ್ಲಿ ಯಾರ ಮೇಲೂ ದೂರು ಕೊಟ್ಟವರಲ್ಲ. ನೆರೆಮನೆಯವರ ನಾಯಿ ನಮ್ಮ ಹೂವಿನ ಗಿಡ ಕಿತ್ತರೂ ನಕ್ಕು ಸುಮ್ಮನಾದವರು. ಈ ಹೆಂಗಸು ನನ್ನ ಗಂಡನ ಮೈ ತೊಳೆಯುವವರನ್ನು ಇಟ್ಟುಕೊಂಡವಳು, ನನಗೆ ಚಹಾ ಕೊಟ್ಟವಳು. ಅವಳ ಮೇಲೆ ಹೇಗೆ ಬರೆಯುವುದು? ಆದರೆ ಆ ಕಾಗದದಲ್ಲಿ ನಾನು ಪ್ರತಿನಿಧಿ ಎಂದಿತ್ತು. ಪ್ರತಿನಿಧಿ ಸುಮ್ಮನಿದ್ದರೆ ಅವರ ಪರವಾಗಿ ಬೇರೆ ಇನ್ಯಾರೂ ಇಲ್ಲ. ಕೊನೆಗೆ ಒಂದೇ ಪುಟ ಬರೆದೆ: ಷರತ್ತು ಪಾಲನೆಯಾಗಿಲ್ಲ, ಮರುವಿಚಾರಣೆ ಬೇಕು.

ಆ ವಾರ ಮ್ಯಾನೇಜರ್ ನನ್ನ ಜೊತೆ ಹವಾಮಾನದ ಮಾತೂ ಆಡಲಿಲ್ಲ. ಬಾಗಿಲು ತೆರೆದು ಪಕ್ಕಕ್ಕೆ ಸರಿಯುತ್ತಿದ್ದಳು. ಆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ ಒಬ್ಬಳೇ ಗೆಳತಿಯನ್ನು ಕಳೆದುಕೊಂಡೆ ಎಂದುಕೊಂಡೆ. ಕೌನ್ಸಿಲ್‌ನಿಂದ ಅದೇ ಸಣಕಲ ಅಧಿಕಾರಿ ಬಂದ. ಮೂವರೂ ಕೂತೆವು. ಅವನು ದನಿ ಏರಿಸಲಿಲ್ಲ. ಈ ಷರತ್ತಿಲ್ಲದಿದ್ದರೆ ನಾನು ಅನುಮತಿಗೆ ಶಿಫಾರಸು ಮಾಡುತ್ತಿರಲಿಲ್ಲ ಎಂದ ಅಷ್ಟೇ. ಮ್ಯಾನೇಜರ್ ಕೆಲಸದ ಪಾಳಿಯ ಹಾಳೆ ತರಿಸಿ, ಮಧ್ಯಾಹ್ನ ಎರಡರಿಂದ ಮೂರರ ನಡುವೆ ಒಬ್ಬರನ್ನು ಇದಕ್ಕೇ ಬಿಡುವುದೆಂದು ನಮ್ಮೆದುರೇ ಬರೆದಳು. ನಾನು ಬಂದ ದಿನ ನಾನೇ ಕರೆದೊಯ್ಯುವುದೆಂದು ಒಪ್ಪಿದೆ. ಹೊರಡುವಾಗ ಮ್ಯಾನೇಜರ್ ನನ್ನ ತೋಳು ಮುಟ್ಟಿ, ನನ್ನ ಅಮ್ಮನಿಗೂ ಯಾರಾದರೂ ಹೀಗೆ ಬರೆಯುವವರು ಇರಬೇಕಿತ್ತು ಎಂದಳು. ಅವಳ ತಾಯಿ ಎಲ್ಲಿದ್ದಳು, ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ಬೇಸಿಗೆ ಮುಗಿದು ಎಲೆ ಉದುರುವವರೆಗೆ ನಾವು ನಡೆದೆವು. ಹೋಮಿನಿಂದ ಮೇಲಕ್ಕೆ ಏರುವ ರಸ್ತೆ, ಅದರಾಚೆ ಬಯಲು, ಬಯಲಿನಲ್ಲಿ ಒಂದು ಕೆರೆಯಂಥ ಹೊಂಡ. ಅದರ ದಂಡೆಯ ಬೆಂಚಿನವರೆಗೆ ಅವರ ಹೆಜ್ಜೆಗೆ ಇಪ್ಪತ್ತು ನಿಮಿಷ. ಅವರು ಎಲ್ಲಿಗೂ ಓಡಿ ಹೋಗಲು ನೋಡಲಿಲ್ಲ. ಬಾಗಿಲು ದಾಟಿದ ಕೂಡಲೇ ನಿಂತು ಒಮ್ಮೆ ಆಕಾಶ ನೋಡುತ್ತಿದ್ದರು, ಆಮೇಲೆ ನಡೆಯುತ್ತಿದ್ದರು. ವಾಪಸು ಬರುವಾಗ ಬಾಗಿಲ ಮುಂದೆ ಕೆಲವು ದಿನ ತಕರಾರು ಇರುತ್ತಿತ್ತು. ಒಂದು ದಿನ ಮಾತ್ರ ಒಳಗೆ ಬರಲೊಲ್ಲೆನೆಂದು ಹುಲ್ಲಿನ ಮೇಲೆ ಕೂತುಬಿಟ್ಟರು. ಮಳೆ ಹನಿಯತೊಡಗಿತು. ನಾನೂ ಪಕ್ಕದಲ್ಲಿ ಕೂತೆ. ಒದ್ದೆಯಾದ ಮೇಲೆ ತಾವೇ ಎದ್ದು, "ನಡಿ, ನೆಗಡಿ ಆದೀತು," ಎಂದರು.

ಅಕ್ಟೋಬರಿನಲ್ಲಿ ಅದೇ ಬೆಂಚಿನ ಮೇಲೆ ಅವರು ನನ್ನ ಕಡೆ ತಿರುಗಿ, "ನಿಮ್ಮ ಊರು ಯಾವುದ್ರಿ?" ಎಂದು ಕೇಳಿದರು. ಬಹುವಚನ. ಹೋಮಿನ ಹೊಸ ನರ್ಸನ್ನು ಮಾತಾಡಿಸುವ ಹಾಗೆ.

"ಧಾರವಾಡ್ರಿ," ಎಂದೆ.

"ಹೌದ? ನಮ್ಮದೂ ಧಾರವಾಡನ," ಎಂದು ಬಹಳ ಸಂತೋಷಪಟ್ಟರು. ಯಾವ ಓಣಿ, ಯಾರ ಪೈಕಿ ಎಂದೆಲ್ಲ ಕೇಳಿದರು. ನಾನು ನನ್ನ ತವರುಮನೆಯ ಓಣಿ ಹೇಳಿದೆ. ಅಲ್ಲಿಯ ಹುಡುಗಿಯನ್ನೇ ತಾವು ಮದುವೆಯಾಗಿರುವುದು ಎಂದು ಹೇಳಿದರು. ಆಕೆ ಹೇಗಿದ್ದಾಳೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಒಬ್ಬಾಕಿನ ಇರ್ತಾಳ, ಪಾಪ," ಎಂದರು. ನೀರಿನ ಮೇಲೆ ಬಾತುಕೋಳಿಗಳಿದ್ದವು. ನಾವಿಬ್ಬರೂ ಅವುಗಳನ್ನು ನೋಡುತ್ತ ಕೂತೆವು.

ನವೆಂಬರಿನಲ್ಲಿ ಅನುಮತಿಯ ಅವಧಿ ಮುಗಿದು, ಮತ್ತೆ ವಿಚಾರಣೆಯಾಗಿ, ಇನ್ನೊಂದು ಆರು ತಿಂಗಳಿಗೆ ಬಂತು. ಅಷ್ಟರಲ್ಲಿ ಅವರ ಕಾಲು ಸೋತಿತ್ತು, ಈ ಸಲ ಹೊರಗೆ ಎಂದರೆ ಗಾಲಿಕುರ್ಚಿಯಲ್ಲಿ. ಡಿಸೆಂಬರಿನಲ್ಲಿ ಎದೆಗೆ ಸೋಂಕು ತಗುಲಿತು. ಒಂದು ಬೆಳಿಗ್ಗೆ ಚಹಾ ಮಾಡುತ್ತಿದ್ದಾಗ ಮ್ಯಾನೇಜರಳೇ ಫೋನ್ ಮಾಡಿದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅವರ ಕೋಣೆಯ ಕಿಟಕಿ ತೆರೆದಿಟ್ಟಿದ್ದರು, ಪರದೆ ಗಾಳಿಗೆ ಆಡುತ್ತಿತ್ತು. ಮಗಳು ಮಧ್ಯಾಹ್ನದ ರೈಲಿಗೆ ಬಂದಳು. ನಮ್ಮ ಡಾಕ್ಟರರ ಕುಟುಂಬಗಳೆಲ್ಲ ಬಂದರು. ಎಲ್ಲರೂ ಕನ್ನಡದಲ್ಲಿ ಮಾತಾಡಿದರು. ಹದಿಮೂರು ದಿನ ಮನೆಯಲ್ಲಿ ಮಾತೋ ಮಾತು, ಆಮೇಲೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು.

ಹೊಸ ವರ್ಷಕ್ಕೆ ಇನ್ನೂ ಎರಡು ದಿನವಿರುವಾಗ ಕೌನ್ಸಿಲ್‌ನಿಂದ ಒಂದು ಕಾಗದ ಬಂತು. ಸಂತಾಪದ ಒಂದು ಸಾಲು. ಅವರ ಮೇಲಿನ ಅನುಮತಿ ಕೊನೆಗೊಂಡಿದೆ ಎಂದು ಒಂದು ಸಾಲು. ಪ್ರತಿನಿಧಿಯಾಗಿ ನಿಮ್ಮ ನೇಮಕವೂ ಇದರೊಂದಿಗೆ ಮುಗಿಯಿತು, ನಿಮ್ಮ ಸೇವೆಗೆ ಧನ್ಯವಾದ ಎಂದು ಇನ್ನೊಂದು. ನಾನು ಅದನ್ನು ಎರಡು ಸಲ ಓದಿ ಡ್ರಾಯರಿನಲ್ಲಿಟ್ಟೆ.

ಅಂದು ಬುಧವಾರ. ಕೋಟು ಹಾಕಿಕೊಂಡು ಬಸ್ಸು ಹಿಡಿದು ಸ್ಟ್ಯಾನ್ಮೋರ್‌ಗೆ ಹೋದೆ. ಹೋಮಿನೊಳಗೆ ಹೋಗಲಿಲ್ಲ. ಮೇಲಕ್ಕೆ ಏರುವ ರಸ್ತೆಯಲ್ಲಿ ನಡೆದು ಬಯಲಿನವರೆಗೆ ಹೋದೆ. ಹೊಂಡದ ಅಂಚಿನಲ್ಲಿ ತೆಳ್ಳಗೆ ಮಂಜುಗಟ್ಟಿತ್ತು. ನನ್ನ ಹೆಜ್ಜೆಗೆ ಅದು ಎಂಟೇ ನಿಮಿಷದ ಹಾದಿ ಎಂದು ಆ ದಿನ ಗೊತ್ತಾಯಿತು.